ತೋಳಿನ ತಾಯತಕ್ಕೆ ನಾನು ಹೇಳಿದ ಅರ್ಥ

“ಇವ್ಳು ಇಂಗ್ಲಿಷಲ್ಲಿ ಬಿ.ಎ. ಪಾಸಾದ್ರೆ ನಾನು ಮೀಸೆ ಬೋಳಿಸ್ಕೊಂಡು ಹೊಸೂರು ಬಸ್ ಸ್ಟ್ಯಾಂಡಲ್ಲಿ ನಿಂತ್ಕತೀನಿ ಕಣ್ಲಾ!” ಎಂದು ನಾಲ್ಕು ಜನರ ಮುಂದೆ ಸಾರಿದವರು ನಮ್ಮ ದೊಡ್ಡಪ್ಪ ಮುನಿಯಪ್ಪನವರು. ಅವರಿಗೆ ಮೀಸೆಯೇ ಇರಲಿಲ್ಲ. ಹಾಗಾಗಿ ನಾನು ಪಾಸಾದರೂ ಅವರಿಗೆ ಯಾವ ನಷ್ಟವೂ ಆಗುವಂತಿರಲಿಲ್ಲ. ಆದರೆ ಮೀಸೆಯಿಲ್ಲದ ಮನುಷ್ಯ ಮೀಸೆಯನ್ನು ಪಣಕ್ಕಿಡುವಷ್ಟು ನನ್ನ ಫೇಲು ಖಚಿತವೇ ಎಂದು ನನಗೆ ರೋಷ ಬಂತು.

ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನೊಳಗೆ ಕಾಲಿಟ್ಟವರೆಂದರೆ ನಮ್ಮ ಚಿಕ್ಕಪ್ಪ ಒಬ್ಬರೇ. ಅವರೂ ಕಾಂಪೌಂಡ್ ಗೋಡೆ ಕಟ್ಟಲು ಹೋಗಿದ್ದರು. ನಾನು ಮದುವೆಯಾಗಿ ಹೊಸೂರಿನ ಪಕ್ಕದ, ತಮಿಳುನಾಡಿಗೆ ಸೇರಿದ ಮೂಕಂಡಪಲ್ಲಿಗೆ ಬಂದು, ಇಲ್ಲಿನ ಫ್ಯಾಕ್ಟರಿಯೊಂದರ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ನಿಂತು ದುಡಿಯುತ್ತಲೇ ಅಂಚೆ ಮೂಲಕ ಬಿ.ಎ.ಗೆ ಕಟ್ಟಿದೆ. ಓದಲು ಜಾಗವಿಲ್ಲ, ಹೊತ್ತಿಲ್ಲ. ರಟ್ಟಿನ ಡಬ್ಬಗಳ ಮೇಲೆಯೇ ಪೆನ್ಸಿಲಿನಿಂದ ಇಂಗ್ಲಿಷ್ ಪದಗಳನ್ನು ಬರೆದು ಉರು ಹೊಡೆಯುತ್ತಿದ್ದೆ. ಹಾಗೆ ಬರೆದ ಒಂದು ಡಬ್ಬ ಅಳಿಸಲು ಮರೆತುಹೋಗಿ ಪುಣೆಯವರೆಗೂ ಹೋಗಿ, ಅಲ್ಲಿಂದ ಸೂಪರ್‌ವೈಸರಿಗೆ ಫೋಟೋ ಬಂದು, ನಾನು ಇಡೀ ಲೈನಿನ ಮುಂದೆ ಬೈಸಿಕೊಂಡೆ. ಬೈಗುಳವೂ ಇಂಗ್ಲಿಷಿನಲ್ಲೇ ಇತ್ತು. ಎರಡು ಹೊಸ ಪದ ಸಿಕ್ಕವು.

ಇಂಗ್ಲಿಷ್ ಪೇಪರು ಮಾತ್ರ ನನ್ನನ್ನು ಮತ್ತೆ ಮತ್ತೆ ಕೆಡವಿತು. ಕಡೆಯ ಸಲ ಕೂತಾಗ ಒಂದು ಪ್ರಶ್ನೆ ಬಂತು: ಮಾಟಮಂತ್ರಕ್ಕೆ ಸಂಬಂಧಿಸಿದ ‘ಆಮ್ಯುಲೆಟ್’ ಮತ್ತು ‘ಟ್ಯಾಲಿಸ್ಮನ್’ ಎಂಬ ಪದಗಳ ವ್ಯತ್ಯಾಸ ಬರೆಯಿರಿ. ನನಗೆ ರೋಮಾಂಚನವಾಯಿತು! ಅದೇ ಪುಟವನ್ನು ಬಸ್ಸಿನಲ್ಲಿ ಓದಿಕೊಂಡು ಬಂದಿದ್ದೆ. ನಮ್ಮ ಕಡೆ ಎರಡಕ್ಕೂ ತಾಯತ ಎಂದುಬಿಡುತ್ತೇವೆ. ಇಂಗ್ಲಿಷಿನವರು ಹಾಗಲ್ಲ. ಕೆಟ್ಟದ್ದು ಹತ್ತಿರ ಬರದ ಹಾಗೆ ತಡೆಯುವುದಕ್ಕೆ ಕಟ್ಟಿಕೊಂಡರೆ ಅದು ಆಮ್ಯುಲೆಟ್. ಒಳ್ಳೆಯದನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದಕ್ಕೆ ಇಟ್ಟುಕೊಂಡರೆ ಅದು ಟ್ಯಾಲಿಸ್ಮನ್. ಒಂದು ಕಾವಲುಗಾರ, ಇನ್ನೊಂದು ದಳ್ಳಾಳಿ. ಉದಾಹರಣೆ ಸಮೇತ ಪುಟ ತುಂಬಿಸಿದೆ. ಪಾಸಾದೆ!

ಆ ಎರಡು ಪದಗಳೇ ನನ್ನನ್ನು ದಡ ಮುಟ್ಟಿಸಿದವೆಂದು ಇಂದಿಗೂ ನನ್ನ ನಂಬಿಕೆ. ಆದರೆ ಅಷ್ಟು ಕಷ್ಟಪಟ್ಟು ಗಳಿಸಿದ ವಿದ್ಯೆಯನ್ನು ಉಪಯೋಗಿಸಲು ಒಂದು ಅವಕಾಶ ಬೇಡವೇ? ರೇಷನ್ ಅಂಗಡಿಯಲ್ಲಿ ಯಾರೂ ಕೇಳಲಿಲ್ಲ. ಗ್ಯಾಸ್ ಬುಕ್ ಮಾಡುವಾಗ ಕೇಳಲಿಲ್ಲ. ಫ್ಯಾಕ್ಟರಿಯಲ್ಲಿ ನನ್ನನ್ನು ಸ್ಟೋರ್ಸ್ ಟೇಬಲ್ಲಿಗೆ ಕೂರಿಸಿದರು; ಅಲ್ಲಿ ಬೋಲ್ಟು, ನಟ್ಟು, ವಾಷರ್ ಬಿಟ್ಟು ಬೇರೆ ಮಾತಿಲ್ಲ. ಟ್ಯಾಲಿಸ್ಮನ್ ಸ್ಟಾಕ್ ಇದೆಯೇ ಎಂದು ಒಬ್ಬನೇ ಒಬ್ಬ ಬಂದು ಕೇಳಲಿಲ್ಲ.

ಹೀಗಿರುವಾಗ ನನ್ನ ನಾದಿನಿ ಪವಿತ್ರಳನ್ನು ನೋಡಲು ಗಂಡಿನ ಕಡೆಯವರು ಬಂದರು.

ಪವಿತ್ರ ನಮ್ಮ ಯಜಮಾನರಿಗೆ ಒಬ್ಬಳೇ ತಂಗಿ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ದಿನವಿಡೀ ಜನರ ಕೈಯಿಂದ ರಕ್ತ ತೆಗೆಯುವ ಹುಡುಗಿ. ಯಾರ ಕಣ್ಣೀರಿಗೂ ಅಷ್ಟು ಸುಲಭವಾಗಿ ಕರಗುವವಳಲ್ಲ. ಬಂದ ಗಂಡುಗಳನ್ನೆಲ್ಲ ಬೇಡ ಎಂದು ನನ್ನ ಅತ್ತೆ ಗೌರಮ್ಮನವರ ನಿದ್ದೆ ಕೆಡಿಸಿದ್ದಳು. ಈ ಸಲದ ಹುಡುಗ ನವೀನ. ಮತ್ತಿಗಿರಿಯಲ್ಲಿ ಮನೆ, ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್. ಮಾಲೂರು ಕಡೆಯಿಂದ ಬಂದು ನೆಲೆಸಿದವರು. ಫೋಟೋ ನೋಡಿ, ಫೋನಿನಲ್ಲಿ ಒಂದೆರಡು ಸಲ ಮಾತಾಡಿ, ಪವಿತ್ರ ನನ್ನ ಹತ್ತಿರ ಬಂದು ಮೆಲ್ಲಗೆ, “ಅತ್ಗೆ, ಇವ್ನಾದ್ರೆ ಆಗ್ಬೋದು” ಎಂದಿದ್ದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಅತ್ತೆ ಅವತ್ತೇ ದೇವರಿಗೆ ಹರಕೆ ಕಟ್ಟಿಕೊಂಡರು. ಈ ಸಂಬಂಧ ಕುದುರಲೇಬೇಕಿತ್ತು.

ನನಗೆ ಒಪ್ಪಿಸಿದ ಕೆಲಸ ಕೇಸರಿಬಾತು, ಬಜ್ಜಿ. ಅಷ್ಟೇ. ಅಷ್ಟರಲ್ಲೇ ಇದ್ದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಪವಿತ್ರ ಕಾಫಿ ತಟ್ಟೆ ಹಿಡಿದು ಬಗ್ಗಿದಾಗ ರವಿಕೆಯ ತೋಳು ಸ್ವಲ್ಪ ಮೇಲೆ ಸರಿಯಿತು. ಕಪ್ಪು ದಾರ, ಅದಕ್ಕೊಂದು ತಾಮ್ರದ ಪುಟ್ಟ ಕೊಳವೆ. ಹುಡುಗನ ತಾಯಿ ಸರೋಜಮ್ಮನವರ ಕಣ್ಣು ಅಲ್ಲಿಗೆ ಹೋಯಿತು. ಬಹಳ ಮೃದುವಾಗಿಯೇ ಕೇಳಿದರು:

“ಅದೇನವ್ವಾ ತೋಳಲ್ಲಿ?”

“ಚಿಕ್ಕೋಳಿದ್ದಾಗ ಕಟ್ಟಿದ್ದು ಕಣಮ್ಮಾ” ಎಂದು ಅತ್ತೆ ಬಾಯಿ ತೆರೆದರು. ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನೊಳಗಿನ ಪದವೀಧರೆ ಬಜ್ಜಿ ತಟ್ಟೆ ಸಮೇತ ಎದ್ದು ನಿಂತಳು.

“ಅತ್ತೆ, ತಾಳಿ, ನಾನು ಹೇಳ್ತೀನಿ.”

ನಮ್ಮ ಯಜಮಾನರು ಕಣ್ಣು ಬಿಟ್ಟರು. ನಾನು ಗಮನಿಸಲಿಲ್ಲ. ಗಂಟಲು ಸರಿ ಮಾಡಿಕೊಂಡು, ಸದರಿ ವಿಷಯದಲ್ಲಿ ಇಂಗ್ಲಿಷ್ ಭಾಷೆಯ ಅಧಿಕೃತ ಅಭಿಪ್ರಾಯವೇನೆಂಬುದನ್ನು ಸಭೆಗೆ ತಿಳಿಸಿದೆ. ತಾಯತದಲ್ಲಿ ಎರಡು ವಿಧ. ಒಂದು ಆಮ್ಯುಲೆಟ್, ಒಂದು ಟ್ಯಾಲಿಸ್ಮನ್. “ನಮ್ಮ ಪವಿತ್ರಂದು ಮೊದಲನೇ ವಿಧ. ಕೆಟ್ಟದ್ದನ್ನ ದೂರ ಇಡೋದು” ಎಂದು ತೀರ್ಪು ಕೊಟ್ಟು, ಚಪ್ಪಾಳೆ ಬರಬಹುದೇನೋ ಎಂಬಂತೆ ನಿಂತೆ.

ಸರೋಜಮ್ಮ ಕಾಫಿ ಲೋಟವನ್ನು ಕೆಳಗಿಟ್ಟರು.

“ಕೆಟ್ಟದ್ದು ಅಂದ್ರೆ? ಯಾವ ಕೆಟ್ಟದ್ದು?”

ಪರೀಕ್ಷೆಯಲ್ಲಿ ಉದಾಹರಣೆಗೆ ಮಾರ್ಕ್ಸ್ ಇತ್ತು. ಅಭ್ಯಾಸಬಲ! “ದೆವ್ವ, ಗಾಳಿ, ಕಣ್ಣುದೃಷ್ಟಿ, ಕಾಯಿಲೆ, ಶಾಪ, ಇತ್ಯಾದಿ” ಎಂದೆ.

ಆ ‘ಇತ್ಯಾದಿ’ಯಾದರೂ ಬೇಡವಾಗಿತ್ತು.

“ಹುಡುಗೀಗೆ ಏನಾಗಿತ್ತು?”

“ಅಯ್ಯೋ, ಏನೂ ಆಗಿಲ್ಲ. ಆಗ್ಬಾರ್ದು ಅಂತ.”

“ಅಂದ್ರೆ ಆಗೋ ಹಂಗಿತ್ತಾ?”

ನಾನು ಬಜ್ಜಿ ತಟ್ಟೆಯನ್ನು ಅವರ ಮುಂದೆ ಹಿಡಿದೆ. ಅತ್ತೆ ಏನೋ ಹೇಳಹೋದರು. ಸರೋಜಮ್ಮ ಆಗಲೇ ಸೆರಗು ಸರಿ ಮಾಡಿಕೊಂಡು ಎದ್ದಿದ್ದರು. “ಫೋನ್ ಮಾಡ್ತೀವಿ” ಎಂದರು. ಕೇಸರಿಬಾತು ಹಾಗೇ ಉಳಿಯಿತು. ನವೀನ ಬಾಗಿಲಲ್ಲಿ ತಿರುಗಿ ಪವಿತ್ರಳನ್ನು ನೋಡಿದ. ಪವಿತ್ರ ನನ್ನನ್ನು ನೋಡಿದಳು. ನಾನು ಬಜ್ಜಿ ನೋಡಿದೆ.

ಫೋನ್ ಬರಲಿಲ್ಲ.

ಅತ್ತೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ನಾನು ಇಟ್ಟ ಮುದ್ದೆಯನ್ನು ಸುಮ್ಮನೆ ಉಂಡು, ತಟ್ಟೆಯನ್ನು ತಾವೇ ತೊಳೆದಿಟ್ಟರು. ಪಕ್ಕದ ಮನೆಯ ತಮಿಳಿನ ಅಕ್ಕ ನೀರು ಹಿಡಿಯುವಾಗ ಇನ್ನೊಬ್ಬರಿಗೆ, “ಅಣ್ಣಿಗೆ ಪೊರಾಮೆಯಂತೆ” ಎಂದಿದ್ದು ನನ್ನ ಕಿವಿಗೆ ಬಿತ್ತು. ಅತ್ತಿಗೆಗೆ ಹೊಟ್ಟೆಕಿಚ್ಚಂತೆ! ನಾದಿನಿಗೆ ಒಳ್ಳೆಯ ಮನೆ ಸಿಗುವುದನ್ನು ತಡೆಯಲು ನಾನೇ ಬೇಕೆಂದು ದೆವ್ವದ ಮಾತು ಎತ್ತಿದೆನಂತೆ! ಬಿಂದಿಗೆ ಅರ್ಧ ತುಂಬಿತ್ತು. ಹಾಗೇ ಎತ್ತಿಕೊಂಡು ಒಳಗೆ ಬಂದೆ. ಅವಮಾನಕ್ಕೆ ಎರಡು ವಿಧವಿದೆಯೋ ಏನೋ ಗೊತ್ತಿಲ್ಲ. ಇದ್ದರೆ ಎರಡೂ ನನಗೇ ಸಿಕ್ಕಿದ್ದವು.

“ಲೇ ಮಂಜಿ,” ಎಂದರು ನಮ್ಮ ಯಜಮಾನರು ರಮೇಶ, “ಬ್ಯಾರೆ ಹೆಂಗಸ್ರು ಗಂಡಿನ ಕಡೆಯೋರಿಗೆ ಬಜ್ಜಿ ಕೊಡ್ತಾರೆ. ನೀನು ಪಾಠ ಕೊಟ್ಟೆ.”

“ನಾನೇ ಕೆಡಿಸಿದ್ದು, ನಾನೇ ಸರಿ ಮಾಡ್ತೀನಿ. ಮತ್ತಿಗಿರಿಗೆ ಕರ್ಕೊಂಡು ಹೋಗಿ.”

“ಬ್ಯಾಡ ಕಣೆ. ಸುಮ್ಕಿದ್ರೆ ಅವರೇ ಮರೀತಾರೆ.”

“ಸುಮ್ಮನೆ ಇರೋದು ಹೇಗೆ? ನಾನು ಓದಿರೋಳು!”

ಅವರು ಮೇಲೆ ನೋಡಿ ಕೈ ಮುಗಿದರು. ಆದರೂ ಗಾಡಿ ತೆಗೆದರು.

ದಾರಿಯುದ್ದಕ್ಕೂ ಯೋಚಿಸಿದೆ. ತಪ್ಪಾದದ್ದು ಎಲ್ಲಿ? ನಾನು ಮೊದಲನೇ ವಿಧ ಎಂದೆ. ಕೆಟ್ಟದ್ದರ ಮಾತು ಬಂತು, ಹೆದರಿದರು. ಎರಡನೇ ವಿಧ ಎಂದಿದ್ದರೆ? ಬರೀ ಒಳ್ಳೆಯದರ ಮಾತು! ಯಾರಿಗೆ ಒಳ್ಳೆಯದು ಬೇಡ? ಪರಿಹಾರ ಇಷ್ಟು ಸುಲಭವಾಗಿರುವಾಗ ಇಷ್ಟು ದಿನ ಊಟ ಬಿಟ್ಟೆನಲ್ಲ ಎಂದು ನನ್ನ ಮೇಲೆ ನನಗೇ ನಗು ಬಂತು. ಹೂವು ಹಣ್ಣು ಹಿಡಿದು ಸರೋಜಮ್ಮನವರ ಮನೆಯ ಮೆಟ್ಟಿಲನ್ನು ಹತ್ತಿದಾಗ ನನ್ನ ಆತ್ಮವಿಶ್ವಾಸ ಮತ್ತೆ ಪೂರ್ತಿ ವಾಪಸ್ಸಾಗಿತ್ತು.

“ಅಮ್ಮಾ, ಅವತ್ತು ನಾನು ತಪ್ಪು ಹೇಳ್ಬಿಟ್ಟೆ” ಎಂದು ಶುರು ಮಾಡಿದೆ. “ಪವಿತ್ರನ ತೋಳಲ್ಲಿರೋದು ಕೆಟ್ಟದ್ದನ್ನ ಓಡಿಸೋದಲ್ಲ. ಅದು ಎರಡನೇದು. ಟ್ಯಾಲಿಸ್ಮನ್. ಒಳ್ಳೇದನ್ನ ತನ್ನ ಕಡೆಗೆ ಸೆಳೆಯೋದು.”

ಸರೋಜಮ್ಮನ ಮುಖ ಸ್ವಲ್ಪ ಸಡಿಲವಾಯಿತು. ನಾನು ಗೆದ್ದೆ ಎಂದುಕೊಂಡೆ.

“ಸೆಳೆಯೋದು ಅಂದ್ರೆ? ಏನನ್ನ ಸೆಳೀತದೆ?”

ಮತ್ತೆ ಉದಾಹರಣೆ! ನನ್ನ ನಾಲಿಗೆಗೆ ಯಾರೋ ಮಾರ್ಕ್ಸ್ ಕೊಡುತ್ತಾರೆ ಎಂಬ ಭ್ರಮೆ ಇನ್ನೂ ಹೋಗಿರಲಿಲ್ಲ.

“ಒಳ್ಳೆ ಗಂಡು, ಒಳ್ಳೆ ಮನೆ...”

ಸರೋಜಮ್ಮ ಕೂತಲ್ಲಿಂದ ಎದ್ದೇಬಿಟ್ಟರು.

“ಓಹೋಹೋ! ಅದಕ್ಕೇಯಾ ನಮ್ಮ ನವೀನ ಅವತ್ತಿಂದ ಊಟ ಬಿಟ್ಟು ಫೋನು ಹಿಡ್ಕೊಂಡು ಮೂಲೇಲಿ ಕೂತವ್ನೆ! ನಾನು ಎಂಥಾ ಪೆದ್ದಿ! ವಶೀಕರಣ ಮಾಡ್ಸಿ ಕಳ್ಸವ್ರೆ ನನ್ ಮಗಂಗೆ!”

“ಅಮ್ಮಾ, ವಶೀಕರಣಕ್ಕೆ ಇಂಗ್ಲಿಷಲ್ಲಿ ಬೇರೆ ಪದ—” ಎಂದು ನಾನು ಹೇಳುತ್ತಿರುವಾಗಲೇ ನಮ್ಮ ಯಜಮಾನರು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ಹಾಗೇ ಎಳೆದುಕೊಂಡು ಮೆಟ್ಟಿಲು ಇಳಿಸಿದರು. ನಾವು ಹೂವು ಹಣ್ಣಿನ ಸಮೇತ ರಸ್ತೆಯಲ್ಲಿದ್ದೆವು.

“ಮೊದ್ಲು ಹುಡುಗೀಗೆ ದೆವ್ವ ಹಿಡ್ಸಿದೆ” ಎಂದರು ಅವರು ಗಾಡಿ ಒದೆಯುತ್ತಾ. “ಈಗ ನಮ್ಮನೇನೇ ಮಂತ್ರವಾದಿ ಮನೆ ಮಾಡ್ಬುಟ್ಟೆ. ಇನ್ನೂ ಯಾವುದಾದ್ರೂ ವಿಧ ಐತಾ? ಇದ್ರೆ ಈಗ್ಲೇ ಹೇಳ್ಬುಡು, ಇಲ್ಲೇ ಇಳಿಸಿ ಹೋಗ್ತೀನಿ.”

ಮನೆಗೆ ಬಂದು ನಡೆದದ್ದನ್ನು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಅವರೇ ಹೇಳಿದರು. ಪವಿತ್ರ ಎದ್ದು ಹೋಗಿ ಆಸ್ಪತ್ರೆಯ ಬಿಳಿ ಕೋಟಿಗೆ ಇಸ್ತ್ರಿ ಹಾಕಿದಳು. ಆಗಲೇ ಇಸ್ತ್ರಿ ಆಗಿದ್ದ ಕೋಟಿಗೆ. ಅದನ್ನು ನೋಡಿ ನನಗೆ ಅಳುವೇ ಬಂತು. ಅವಳು ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ; ಕೇಳಿದ ಒಂದನ್ನು ನಾನು ಕೈಯಾರೆ ಹಾಳು ಮಾಡಿದ್ದೆ.

ಅಳುವಿನ ಜೊತೆಗೆ ನನಗೆ ಮೂರನೇ ಉಪಾಯವೂ ಬಂತು.

ಎಲ್ಲ ತೊಂದರೆಗೂ ಮೂಲ ಯಾವುದು? ಆ ದಾರ. ದಾರವೇ ಇಲ್ಲವಾದರೆ ಯಾವ ವಿಧವೆಂಬ ಪ್ರಶ್ನೆಯೇ ಏಳದು! ಭಾನುವಾರ ಬೆಳಿಗ್ಗೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಪವಿತ್ರಳ ಹತ್ತಿರ ಹೋದೆ.

“ಪವಿ, ಕೈ ಕೊಡು.”

“ಕತ್ರಿ ಕೆಳಗ್ ಮಡಗು ಅತ್ಗೆ.”

“ಒಂದೇ ಒಂದು ಸಲ. ನೋವಾಗಲ್ಲ.”

“ಆ ಮಾತು ನಾನು ದಿನಾ ಜನಕ್ಕೆ ಹೇಳ್ತೀನಿ. ಸುಳ್ಳು ಅದು.”

ನಾನು ಅವಳ ತೋಳು ಹಿಡಿದುಕೊಂಡೆ. ಅವಳು ಗೋಡೆಗೆ ಒರಗಿ ಕೊಸರಾಡಿದಳು. ಅತ್ತೆ ಹಿತ್ತಲಿನಿಂದ “ಅಯ್ಯಯ್ಯೋ, ಅದನ್ ಮುಟ್ಬ್ಯಾಡ ಕಣೇ!” ಎಂದು ಓಡಿ ಬಂದರು. ಅದೇ ಹೊತ್ತಿಗೆ ಬಾಗಿಲ ಮುಂದೆ ಒಂದು ಆಟೋ ನಿಂತಿತು. ಅದರಿಂದ ಇಳಿದವರು ಸರೋಜಮ್ಮ.

ಅವರಿಗೆ ಕಂಡ ದೃಶ್ಯವನ್ನು ಓದುಗರೇ ಊಹಿಸಿಕೊಳ್ಳಬೇಕು. ಕತ್ತರಿ ಎತ್ತಿ ಹಿಡಿದ ಅತ್ತಿಗೆ. ಗೋಡೆಗೆ ಅಂಟಿದ ನಾದಿನಿ. ಎದೆ ಬಡಿದುಕೊಳ್ಳುತ್ತಿರುವ ಅತ್ತೆ. ಮರ್ಯಾದಸ್ಥ ಕುಟುಂಬ!

“ಮಗ ಮೂರು ಹೊತ್ತೂ ನನ್ ತಲೆ ತಿಂತಾ ಅವ್ನೆ, ನಾನೇ ಒಂದ್ಸಲ ಹುಡುಗೀನ ಕೇಳಿಬರಾಣ ಅಂತ ಬಂದೆ” ಎಂದರು ಸರೋಜಮ್ಮ ಹೊಸಿಲಲ್ಲೇ ನಿಂತು. “ನೀವು ನೋಡಿದ್ರೆ ಬಿಚ್ಚಿ ಬಚ್ಚಿಡಾಕೆ ನಿಂತಿದ್ದೀರಾ?”

“ಅಮ್ಮಾ, ಇದು ಏನಪ್ಪಾ ಅಂದ್ರೆ—”

“ಮಂಜುಳಾ!” ಎಂದರು ಅತ್ತೆ. ಮದುವೆಯಾದಂದಿನಿಂದ ಅವರು ನನ್ನನ್ನು ಪೂರ್ತಿ ಹೆಸರಿನಿಂದ ಕರೆದದ್ದು ಇಲ್ಲವೇ ಇಲ್ಲ. “ಅಡುಗೆ ಮನೆಗೆ ನಡಿ. ಕಾಫಿ ಕಾಸು. ಬಾಯಿ ಬಿಟ್ಟೀಯಾ, ಜೋಕೆ.”

ಬಿ.ಎ. ಇಂಗ್ಲಿಷ್ ಕತ್ತರಿ ಸಮೇತ ಅಡುಗೆ ಮನೆಗೆ ಹೋಯಿತು.

ನಮ್ಮ ಮನೆಯಲ್ಲಿ ಅಡುಗೆ ಮನೆಗೆ ಬಾಗಿಲಿಲ್ಲ. ಒಂದು ಪರದೆ. ಪಾತ್ರೆಯನ್ನು ಒಲೆಯ ಮೇಲಿಟ್ಟು ಪರದೆಗೆ ಕಿವಿ ಹಚ್ಚಿದೆ.

“ನಿಜ ಹೇಳವ್ವಾ,” ಸರೋಜಮ್ಮನ ದನಿ. “ಏನದು?”

“ಜವಳಗಿರೀಲಿ ನಮ್ ಅಜ್ಜೀ ಮನೆ ಅಮ್ಮಾ” ಎಂದಳು ಪವಿತ್ರ. “ಕಾಡಂಚು. ರಾಗಿ ತೆನೆ ಬಂದಾಗ ಹೊಲ ಕಾಯಾಕೆ ತಾತನ ಜೊತೇಲಿ ಹೋಗಿದ್ದೆ. ಚಿಕ್ಕೋಳು. ಆನೆ ಬಂದು ಪಕ್ಕದಲ್ಲೇ ನಿಂತ್ಕಂತು. ಅದರ ಉಸಿರು ನನ್ ಮಕಕ್ಕೆ ಬಡೀತಿತ್ತು.”

“ಅಯ್ಯೋ ಶಿವನೇ! ಎಷ್ಟು ಹತ್ರ?”

“ನೀವು ಕೂತಿರೋ ಅಷ್ಟು. ಆಮೇಲೆ ನಂಗೆ ಮಾತೇ ನಿಂತೋಯ್ತು. ನಿದ್ದೇಲಿ ಬೆಚ್ಚಿ ಬೀಳ್ತಿದ್ದೆ. ಅಲ್ಲಿ ಆನೆಗೆ ಬೆದರಿದ ಮಕ್ಕಳಿಗೆಲ್ಲ ಇದನ್ನ ಕಟ್ತಾರೆ. ತಾತ ಕಟ್ಟಿಸ್ದ.”

“ಕಟ್ಟಿದ್ ಮ್ಯಾಲೆ ಆನೆ ಬರ್ಲಿಲ್ವಾ?”

“ಬಂತು. ರಾಗಿ ಇದ್ರೆ ಬರ್ದೆ ಇರ್ತದಾ? ನಾನು ಹೆದರ್ಲಿಲ್ಲ, ಅಷ್ಟೇ.”

ಪರದೆಯ ಹಿಂದೆ ನಾನು ಕಣ್ಣರಳಿಸಿದೆ. ಕೆಟ್ಟದ್ದನ್ನು ತಡೆಯಲಿಲ್ಲ, ಆನೆ ಬಂತು. ಒಳ್ಳೆಯದನ್ನು ತರಲಿಲ್ಲ, ರಾಗಿ ಹೋಯಿತು. ಹಾಗಾದರೆ ಇದು ಯಾವ ವಿಧ? ನಾನು ಓದಿದ ಪುಟದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ, ಅದನ್ನು ಯಾಕೆ ಕಟ್ಟಿದ್ದು ಎಂದು ನಾನು ಅವಳನ್ನು ಕೇಳಿಯೇ ಇರಲಿಲ್ಲ. ಅವಳ ತೋಳಿನ ವಿಷಯಕ್ಕೆ ನಾನು ಡಿಕ್ಷನರಿ ನೋಡಿದ್ದೆ! ಗ್ಯಾಸ್ ಒಲೆಯ ಬಿಸಿಗಿಂತ ಹೆಚ್ಚು ಬಿಸಿ ನನ್ನ ಮುಖಕ್ಕೆ ಏರಿತು.

“ಮದುವೆ ಆದ್ ಮ್ಯಾಲೂ ಇರ್ತದಾ ಇದು?” ಸರೋಜಮ್ಮ ಕೇಳಿದರು.

“ಇರ್ತದೆ ಅಮ್ಮಾ. ನಮ್ ತಾತ ಕಟ್ಟಿದ್ದು. ಬ್ಯಾಡ ಅಂದ್ರೆ ಈಗ್ಲೇ ಹೇಳ್ಬುಡಿ, ನಾನೇ ನವೀನ್‌ಗೆ ಫೋನ್ ಮಾಡ್ತೀನಿ.”

ನನಗೆ ಸರೋಜಮ್ಮನ ಮುಖ ನೋಡಲೇಬೇಕೆನಿಸಿತು. ಪರದೆ ಹಿಡಿದು ಇಷ್ಟೇ ಇಷ್ಟು ಮುಂದಕ್ಕೆ ಬಾಗಿದೆ. ಪರದೆಯ ತಂತಿಗೆ ಹೊಡೆದಿದ್ದ ಮೊಳೆ ಬಾಡಿಗೆ ಮನೆಯ ಮೊಳೆ. ಟಪ್ ಎಂದು ಕಿತ್ತು ಬಂತು! ಪರದೆ, ತಂತಿ, ಗೋಡೆಯ ಒಂದಿಷ್ಟು ಸುಣ್ಣದೊಂದಿಗೆ ನಾನು ನಡುಮನೆಯ ಮಧ್ಯಕ್ಕೆ ಹೋಗಿ ಬಿದ್ದೆ. ತಲೆಯಿಂದ ಸೊಂಟದವರೆಗೆ ಹೂವಿನ ಚಿತ್ತಾರದ ಬಟ್ಟೆ. ಕೈಯಲ್ಲಿ ಇನ್ನೂ ಕತ್ತರಿ.

ಸರೋಜಮ್ಮ ಕಾಲು ಮೇಲೆತ್ತಿಕೊಂಡು ಸೋಫಾದ ಮೇಲೆ ಕೂತುಬಿಟ್ಟರು. ನಾನು ಪರದೆಯೊಳಗಿನಿಂದ, “ಏನಿಲ್ಲ ಅಮ್ಮಾ, ಕಾಫಿ ಆಯ್ತು” ಎಂದೆ.

ಸರೋಜಮ್ಮ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಪವಿತ್ರಳ ಭುಜದ ಮೇಲೆ ತಲೆಯಿಟ್ಟು ನಕ್ಕರು. “ಅಯ್ಯೋ ಗೌರಮ್ಮಾ, ನಿಮ್ ಮಗಳು ನೆಟ್ಟಗವ್ಳೆ. ಈಯಮ್ಮಂಗೆ ಕಟ್ಸಿ ಮೊದ್ಲು ಅದನ್ನ!”

ಅತ್ತೆಯೂ ನಕ್ಕರು. ಪವಿತ್ರ ನಕ್ಕಳು. ಆಟೋದವನೂ ಬಾಗಿಲಿಗೆ ಬಂದು ಇಣುಕಿ ನೋಡಿ ನಕ್ಕ. ಅವನಿಗೆ ಯಾಕೆಂದು ಗೊತ್ತಿರಲಿಲ್ಲ. ಸಂಬಂಧ ಕೂಡಿದ ಸಂತೋಷಕ್ಕೆ ನಾನೂ ಪರದೆಯೊಳಗೇ ನಕ್ಕೆ. ಹೊರಗೆ ಬರುವ ಧೈರ್ಯವಿರಲಿಲ್ಲ.

ಸರೋಜಮ್ಮನ ಮಾತನ್ನು ಅತ್ತೆ ಅಕ್ಷರಶಃ ಪಾಲಿಸಿದರು. ಜವಳಗಿರಿಗೆ ಲಗ್ನಪತ್ರಿಕೆ ಕೊಡಲು ಹೋದವರು ವಾಪಸ್ಸು ಬರುವಾಗ ಒಂದು ಕಪ್ಪು ದಾರ ತಂದು ನನ್ನ ತೋಳಿಗೆ ಬಿಗಿದರು. ಯಾವ ವಿಧವೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮದುವೆ ಚೆನ್ನಾಗಿಯೇ ನಡೆಯಿತು. ನನ್ನನ್ನು ಊಟದ ಮನೆಯ ಕಡೆಗೆ ಹಾಕಿದ್ದರು. ಅಲ್ಲಿ ಅರ್ಥ ಹೇಳುವಂಥದ್ದು ಏನೂ ಇರಲಿಲ್ಲ. ಆಮೇಲೆ ಮದುವೆಯನ್ನು ರಿಜಿಸ್ಟರ್ ಮಾಡಿಸಲು ಎಲ್ಲರೂ ಕಚೇರಿಗೆ ಹೋದೆವು. ಗುಮಾಸ್ತರು “ಇಲ್ಲಿ ಕೈಯೆಳುತ್ತು ಹಾಕಿ” ಎಂದಲ್ಲೆಲ್ಲ ಸಹಿ ಹಾಕಿ ಆಯಿತು. ಸರ್ಟಿಫಿಕೇಟ್ ತಯಾರಾಗಿ ಬಂದಾಗ ಅದರಲ್ಲಿದ್ದದ್ದು ತಮಿಳು, ಜೊತೆಗೆ ಇಂಗ್ಲಿಷ್. ಸರೋಜಮ್ಮನಿಗೆ ಎರಡೂ ಬಾರದು. ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿ, ಮಗನ ಕಡೆ ನೋಡಿ, ಸೊಸೆಯ ಕಡೆ ನೋಡಿ, ಕೊನೆಗೆ ಬಹಳ ಹೊತ್ತು ನನ್ನ ಕಡೆ ನೋಡಿದರು. ಆಮೇಲೆ ಎರಡೂ ಕೈಯಿಂದ ನನಗೆ ಕೊಟ್ಟರು. ಇಡೀ ಕಚೇರಿಯ ಮುಂದೆ! ನನ್ನ ಕಣ್ಣಲ್ಲಿ ನೀರು ತುಂಬಿತು. ಗಂಟಲು ಸರಿ ಮಾಡಿಕೊಂಡೆ.

ಸರೋಜಮ್ಮ ನನ್ನ ಮೊಣಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು:

“ಬಿ.ಎ. ಓದಿರೋಳು ನೀನೊಬ್ಳೇ. ಓದವ್ವಾ. ಬರ್ದಿರೋದಷ್ಟೇ ಓದು. ಅರ್ಥ ಹೇಳ್ಬ್ಯಾಡ.”